ಕೋಡ್ ಪುಸ್ತಕ ಯಾರ ಕೈಯಲ್ಲಿರಬೇಕು?

ಕಳೆದ ಮಾರ್ಚ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಸ್ನೇಹಿತರೊಬ್ಬರು ಫೋನ್ ಮಾಡಿದರು. ದೇರಾದಲ್ಲಿ ಅವರದು ಬಟ್ಟೆ ಅಂಗಡಿ. ಕಾರ್ಕಳದ ಹತ್ತಿರ ಊರಲ್ಲಿ ಮನೆ ಕಟ್ಟಿಸುತ್ತಿದ್ದಾರೆ. "ಮಾರಾಯ್ರೆ, ಮೊನ್ನೆ ಸ್ಲ್ಯಾಬ್ ಹಾಕಿ ಆಯ್ತು. ಮೇಸ್ತ್ರಿ ಮೂರು ದಿನ ನೀರು ಬಿಟ್ರೆ ಸಾಕು ಅಂತಾನೆ, ನನ್ನ ಭಾವ ಹದಿನಾಲ್ಕು ದಿನ ಬೇಕು ಅಂತಾನೆ. ನೀವು ಇಂಜಿನಿಯರ್ ಅಲ್ವಾ, ಸರಿಯಾದ್ದು ಎಷ್ಟು?"

ನಾನು ಹೇಳಿದೆ: "ನಾನು ಹೇಳುವುದು ಬೇಡ, ಪುಸ್ತಕವೇ ಹೇಳಲಿ. ಐಎಸ್ 456 ಅಂತ ಕಾಂಕ್ರೀಟಿನ ಭಾರತೀಯ ಮಾನಕ ಇದೆ, 2000ನೇ ಇಸವಿಯದ್ದು. ಸಾದಾ ಸಿಮೆಂಟ್ ಆದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆ ಇಡಬೇಕು. ಒಣ ಬಿಸಿಲಿನ ಹವೆಯಲ್ಲಿ ಯಾವ ಸಿಮೆಂಟಾದರೂ 10ಕ್ಕಿಂತ ಕಡಿಮೆ ಮಾಡಬಾರದು."

"ಪುಸ್ತಕದಲ್ಲಿ ಹಾಗೇ ಬರೆದಿದೆಯಾ? ಆ ಪುಸ್ತಕ ನನ್ನಂಥವನಿಗೆ ಸಿಗ್ತದಾ? ಎಷ್ಟು ದುಡ್ಡು?"

ದುಡ್ಡಿಲ್ಲ ಎಂದೆ. ಭಾರತೀಯ ಮಾನಕ ಬ್ಯೂರೋದ ತಾಣದಲ್ಲಿ ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಪಿಡಿಎಫ್ ಇಳಿಸಿಕೊಳ್ಳಬಹುದು ಎಂದು ದಾರಿ ತೋರಿಸಿದೆ. ಅಂದು ಸಂಜೆಯೇ ಅವರು ಆ ಪುಟದ ಚಿತ್ರ ತೆಗೆದು, ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಮೇಸ್ತ್ರಿಗೆ ವಾಟ್ಸಾಪ್ ಮಾಡಿದರಂತೆ. ಮೇಸ್ತ್ರಿ ಗೊಣಗುತ್ತಲೇ ಹತ್ತು ದಿನ ನೀರು ಬಿಟ್ಟ.

ಸಣ್ಣ ಸಂಗತಿ. ಆದರೆ ಫೋನ್ ಇಟ್ಟ ಮೇಲೆ ನನಗೆ ಸಂತೋಷದ ಜೊತೆ ಸ್ವಲ್ಪ ನಾಚಿಕೆಯೂ ಆಯಿತು. ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ಮನೆಯ ಕಾಂಕ್ರೀಟಿನ ನಿಯಮವನ್ನು ನೇರ ದಾರಿಯಲ್ಲಿ ಪಡೆದು ಓದಿದರು. ಇಪ್ಪತ್ತು ವರ್ಷ ಇದೇ ಕಸುಬಿನಲ್ಲಿರುವ ನಾನು ಬಹಳ ಕಾಲ ಹಾಗೆ ಮಾಡಿರಲಿಲ್ಲ.

ಪೆನ್ ಡ್ರೈವಿನ ಗ್ರಂಥಾಲಯ

ಗಲ್ಫಿಗೆ ಬಂದ ಹೊಸತರಲ್ಲಿ ಸೀನಿಯರ್ ಒಬ್ಬರು ನನ್ನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟರು. ಅದರಲ್ಲಿ 'ಕೋಡ್ಸ್' ಎಂಬ ಫೋಲ್ಡರ್. ಅಮೆರಿಕದ ಎಸಿಐ, ಎಎಸ್‌ಟಿಎಂ, ಬ್ರಿಟನ್ನಿನ ಬಿಎಸ್, ಎಲ್ಲವೂ ಇದ್ದವು. ಯಾರೋ ಯಾವಾಗಲೋ ಸ್ಕ್ಯಾನ್ ಮಾಡಿದ್ದು. ಕೆಲವದರಲ್ಲಿ ಪುಟಗಳೇ ಅಡ್ಡಾದಿಡ್ಡಿ. ಇಲ್ಲಿ ಸೈಟಿನಲ್ಲಿ ಕೆಲಸ ಮಾಡುವ ಇಂಜಿನಿಯರುಗಳಿಗೆ ಈ ಫೋಲ್ಡರ್ ಬಗ್ಗೆ ವಿವರಿಸಬೇಕಿಲ್ಲ. ಅದು ಕೈಯಿಂದ ಕೈಗೆ ದಾಟುತ್ತದೆ, ಮನೆಯ ಉಪ್ಪಿನಕಾಯಿ ಭರಣಿಯ ಹಾಗೆ. ನಾನೂ ಎಷ್ಟೋ ಕಿರಿಯರಿಗೆ ದಾಟಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಟ್ಟಡದ ನೆಲದಡಿಯ ನೀರಿನ ಟ್ಯಾಂಕಿನ ಗೋಡೆಯ ಲೆಕ್ಕ ನನ್ನ ಪಾಲಿಗೆ ಬಂತು. 600 ಮಿಲಿಮೀಟರ್ ದಪ್ಪದ ಗೋಡೆ, ಒಳಗೆ ರಿಂಗ್ ಇಲ್ಲ. ಕಾಂಕ್ರೀಟ್ ತಾನೊಂದೇ ಎಷ್ಟು ಶಿಯರ್ ತಡೆಯುತ್ತದೆ ಎಂದು ನೋಡಬೇಕು. ನನ್ನ ಫೋಲ್ಡರಿನಲ್ಲಿದ್ದ ಎಸಿಐ 318 ತೆರೆದೆ, ಸೂತ್ರ ಹಾಕಿದೆ, ಗೋಡೆ ಪಾಸಾಯಿತು. ಡ್ರಾಯಿಂಗ್ ಹೋಯಿತು, ಸ್ಟೀಲ್ ಕಟ್ಟಲು ಶುರುವಾಯಿತು.

ನನ್ನ ಫೋಲ್ಡರಿನಲ್ಲಿದ್ದದ್ದು 2014ರ ಆವೃತ್ತಿ. ಕರಾರಿನಲ್ಲಿ ಬರೆದಿದ್ದದ್ದು 2019ರದು. ಈ ಎರಡರ ನಡುವೆ ಬದಲಾದ ದೊಡ್ಡ ಸಂಗತಿಗಳಲ್ಲಿ ಇದೂ ಒಂದು. ರಿಂಗ್ ಇಲ್ಲದ ಕಾಂಕ್ರೀಟ್ ದಪ್ಪವಾದಷ್ಟೂ ಅದರ ಪ್ರತಿ ಚದರ ಮಿಲಿಮೀಟರಿನ ಶಿಯರ್ ಶಕ್ತಿ ಕುಗ್ಗುತ್ತದೆ, ಒಳಗಿನ ಕಂಬಿ ಕಡಿಮೆ ಇದ್ದರೆ ಇನ್ನೂ ಕುಗ್ಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದ್ದರಿಂದ 2019ರಲ್ಲಿ ಸೂತ್ರವನ್ನೇ ಬದಲಿಸಿದರು. ನನ್ನ ಗೋಡೆಗೆ ಹೊಸ ಸೂತ್ರ ಹಾಕಿದರೆ ಶಕ್ತಿ ಹಳೆಯದರ ಸುಮಾರು ಅರ್ಧ!

ಕನ್ಸಲ್ಟೆಂಟ್ ಕಚೇರಿಯ ಒಬ್ಬ ಕಿರಿಯ ಇಂಜಿನಿಯರ್ ಇದನ್ನು ಹಿಡಿದಳು. ಕಾಂಕ್ರೀಟ್ ಹಾಕುವುದಕ್ಕೆ ನಾಲ್ಕು ದಿನ ಮುಂಚೆ. ಕಟ್ಟಿದ ಸ್ಟೀಲಿನ ನಡುವೆ ಅಡ್ಡಲಿಂಕ್‌ಗಳನ್ನು ತೂರಿಸಿ ಕಟ್ಟಬೇಕಾಯಿತು. ಅದು ಜುಲೈ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಯುಎಇ ನಿಯಮ. ಹಾಗಾಗಿ ರಾತ್ರಿ ಪಾಳಿ ಹಾಕಿದರು. ಗುಂಡಿಯ ಒಳಗೆ ಗಾಳಿಯಿಲ್ಲ. ಇಬ್ಬರು ನಿಲ್ಲಲಾಗದ ಸಂದಿಯಲ್ಲಿ ಸ್ಟೀಲ್ ಫಿಕ್ಸರ್‌ಗಳು ಕೈ ಒಳಗೆ ತೂರಿಸಿ ಒಂದೊಂದೇ ಲಿಂಕ್ ಕಟ್ಟುತ್ತಿದ್ದರು. ಅವರಲ್ಲೊಬ್ಬರು ರಾಯಚೂರಿನವರು. ನನ್ನ ಮಾತು ಕೇಳಿ ಕನ್ನಡದವನೆಂದು ಗೊತ್ತಾಗಿ, "ಯಾಕ್ರಿ ಸರ, ಮೊದ್ಲ ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರು. ಉತ್ತರ ನನ್ನ ಬಳಿ ಇತ್ತು, ಹೇಳಲು ಬಾಯಿ ಬರಲಿಲ್ಲ.

ಆ ರಾತ್ರಿಯವರೆಗೆ ಕಳ್ಳ ಪಿಡಿಎಫ್ ಅಂದರೆ ಪ್ರಕಾಶಕರಿಗೆ ಆಗುವ ನಷ್ಟ ಎಂದಷ್ಟೇ ತಿಳಿದಿದ್ದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಪೆನ್ ಡ್ರೈವಿನ ಪುಸ್ತಕ ತನ್ನ ವಯಸ್ಸನ್ನು ಹೇಳುವುದಿಲ್ಲ. ತಿದ್ದುಪಡಿ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಹಳೆಯ ಕಾಂಕ್ರೀಟ್ ಕೋಡ್ ಬಿಎಸ್ 8110 ಅನ್ನು 2010ರಲ್ಲೇ ಹಿಂತೆಗೆದುಕೊಂಡು ಯೂರೋಕೋಡ್ ತಂದರು. ಈ ಊರಿನ ಎಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಇಂದಿಗೂ 'ಈಗಿನ ಕೋಡ್' ಆಗಿ ಕುಳಿತಿದೆ ಎಂದು ನಿಮ್ಮ ಪಕ್ಕದ ಇಂಜಿನಿಯರನ್ನು ಕೇಳಿ ನೋಡಿ.

ಅಳತೆಕೋಲು ಬೀದಿಯಲ್ಲಿದ್ದ ಕಾಲ

ಹಾಗಾದರೆ ತಪ್ಪು ಪೂರ್ತಿ ನಮ್ಮದೇ? ನನ್ನ ತಪ್ಪನ್ನು ನಾನು ಒಪ್ಪಿಕೊಂಡಿದ್ದೇನೆ. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು.

ಮಾನಕ ಎಂದರೆ ಎಲ್ಲರೂ ಒಪ್ಪಿದ ಅಳತೆ. ನಮ್ಮ ಅಜ್ಜಿಯರ ಕಾಲದಲ್ಲಿ ಒಂದೊಂದು ಸೀಮೆಗೆ ಒಂದೊಂದು ಸೇರು. ಅಕ್ಕಿ ಕೊಳ್ಳುವವನು ಯಾವ ಸೇರು ಎಂದು ಮೊದಲು ಕೇಳಬೇಕಿತ್ತು. ಆ ಗೊಂದಲ ತಪ್ಪಿಸುವ ದಾರಿ ಒಂದೇ: ಅಳತೆಯನ್ನು ಎಲ್ಲರಿಗೂ ಕಾಣುವ ಹಾಗೆ ಇಡುವುದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮೀಟರ್ ಹೊಸದಾಗಿ ಬಂದಾಗ ಪ್ಯಾರಿಸ್ಸಿನ ಬೀದಿಗಳಲ್ಲಿ ಅಮೃತಶಿಲೆಯ ಮೀಟರ್ ಗುರುತುಗಳನ್ನು ಗೋಡೆಗೆ ಹಾಕಿದರು. ಒಂದು ಇಂದಿಗೂ ವೋಗಿರಾರ್ ಬೀದಿಯಲ್ಲಿದೆ. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಹೊರಗೋಡೆಯ ಮೇಲೆ ಗಜ, ಅಡಿಗಳ ಅಳತೆಯನ್ನು ಜನರಿಗಾಗಿ ಕೂರಿಸಿದ್ದಾರೆ. ಬಟ್ಟೆಯವನ ಗಜಕೋಲಿನ ಮೇಲೆ ಅನುಮಾನ ಬಂದರೆ ಹೋಗಿ ಹಿಡಿದು ನೋಡಬಹುದಿತ್ತು. ಟಿಕೆಟ್ ಇರಲಿಲ್ಲ.

ಮಾನಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರದ ಬೆಂಕಿ ದೊಡ್ಡ ಉದಾಹರಣೆ. 1904ರ ಫೆಬ್ರವರಿಯಲ್ಲಿ ಊರಿಗೆ ಊರೇ ಹತ್ತಿ ಉರಿಯುವಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಅಗ್ನಿಶಾಮಕ ದಳಗಳು ಓಡಿ ಬಂದವು. ಅವರಲ್ಲಿ ಅನೇಕರ ಪೈಪುಗಳ ಮರೆ ಬಾಲ್ಟಿಮೋರಿನ ನೀರಿನ ಹೈಡ್ರೆಂಟಿಗೆ ಹೊಂದಲೇ ಇಲ್ಲ. ಒಂದೂವರೆ ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಅದಾದ ಮೇಲೆಯೇ ಇಡೀ ದೇಶಕ್ಕೆ ಒಂದೇ ಮರೆ ಇರಬೇಕೆಂಬ ಮಾನಕ ಬಂತು.

ಇಂದು ಮಾನಕಗಳಿಗೆ ಕೊರತೆಯಿಲ್ಲ. ಅವು ಬೀದಿಗೋಡೆಯಿಂದ ಇಳಿದು ಅಂಗಡಿಯ ಕಪಾಟು ಸೇರಿವೆ. ಎಸಿಐ 318ಕ್ಕೆ ನೂರಾರು ಡಾಲರ್. ಬ್ರಿಟಿಷ್ ಮಾನಕವೊಂದಕ್ಕೆ ಎಷ್ಟೋ ಸಲ ನೂರಾರು ಪೌಂಡ್. ಐಎಸ್ಒ 9001 ಎಂಬ ಕೆಲವೇ ಹಾಳೆಗಳ ಪುಸ್ತಕಕ್ಕೆ ನೂರಕ್ಕೂ ಹೆಚ್ಚು ಸ್ವಿಸ್ ಫ್ರಾಂಕ್. ಒಂದನ್ನು ಕೊಂಡರೆ ಮುಗಿಯುವುದಿಲ್ಲ. ಅದರೊಳಗೆ 'ಇದಕ್ಕೆ ಇಂಥ ಮಾನಕ ನೋಡಿ' ಎಂದು ಹತ್ತಾರು ಬೇರೆ ಹೆಸರು. ದುಬೈ ಬಿಲ್ಡಿಂಗ್ ಕೋಡ್ 2021 ಪುಕ್ಕಟೆ ಸಿಗುತ್ತದೆ, ಯುಎಇ ಅಗ್ನಿ ಸುರಕ್ಷತಾ ಕೋಡ್ ಕೂಡ ಪುಕ್ಕಟೆ. ಇದು ಮೆಚ್ಚಬೇಕಾದ ಮಾತು. ಆದರೆ ಅವು ಕೈತೋರಿಸುವ ಹೊರಗಿನ ಮಾನಕಗಳಲ್ಲಿ ಬಹುಪಾಲು ದುಡ್ಡಿಗೆ. ಬಾಗಿಲು ತೆರೆದಿದೆ, ಒಳಗಿನ ಕೋಣೆಗಳಿಗೆ ಬೀಗ.

ಕಾನೂನು ಓದಲು ಕಾಸು ಕೇಳಬಹುದೇ?

ನನ್ನ ಅಭಿಪ್ರಾಯ ಸರಳ. ಯಾವ ಮಾನಕವನ್ನು ಸರ್ಕಾರ ಕಡ್ಡಾಯ ಮಾಡುತ್ತದೋ, ಯಾವುದನ್ನು ಪಾಲಿಸದಿದ್ದರೆ ದಂಡ ಹಾಕುತ್ತದೋ, ಅದನ್ನು ಓದಲು ಯಾರಿಂದಲೂ ಕಾಸು ಕೇಳಬಾರದು. ಗೊತ್ತಿರದ ನಿಯಮವನ್ನು ಪಾಲಿಸು ಎನ್ನುವುದು ನ್ಯಾಯವಲ್ಲ.

ಇದು ನನ್ನೊಬ್ಬನ ಹಟವಲ್ಲ. ಅಮೆರಿಕದ ಕಾರ್ಲ್ ಮಲಮುಡ್ ಎಂಬವರು ಕಾನೂನಿನಲ್ಲಿ ಸೇರಿದ ಮಾನಕಗಳನ್ನು ಅಂತರ್ಜಾಲಕ್ಕೆ ಹಾಕಿ ವರ್ಷಗಟ್ಟಲೆ ಕೋರ್ಟು ಅಲೆದರು. 2023ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಕಾನೂನಿನ ಭಾಗವಾದ ಮಾನಕವನ್ನು ಲಾಭದ ಉದ್ದೇಶವಿಲ್ಲದೆ ಹಂಚುವುದು ನ್ಯಾಯಯುತ ಬಳಕೆ ಎಂದು ಹೇಳಿತು. 2024ರ ಮಾರ್ಚ್ 5ರಂದು ಯುರೋಪಿನ ನ್ಯಾಯಾಲಯ, ಮಕ್ಕಳ ಆಟಿಕೆಗಳ ಸುರಕ್ಷತೆಗೆ ಸಂಬಂಧಿಸಿದ ಮಾನಕಗಳ ಪ್ರಕರಣದಲ್ಲಿ, ಇವು ಕಾನೂನಿನ ಭಾಗ, ಜನರಿಗೆ ಅವನ್ನು ತಿಳಿಯುವ ಹಿತಾಸಕ್ತಿ ಇದೆ ಎಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲೂ ಮಲಮುಡ್ ಮತ್ತು ಕೆಲವು ಭಾರತೀಯರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದರು. ಒಂದು ಕಾಲಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಬೆಲೆ ಹತ್ತು ಸಾವಿರ ರೂಪಾಯಿ ಮೀರಿತ್ತು. ಇಂದು ಭಾರತೀಯ ಮಾನಕ ಬ್ಯೂರೋ ತಾನೇ ರೂಪಿಸಿದ ಮಾನಕಗಳನ್ನು ಪುಕ್ಕಟೆ ಕೊಡುತ್ತಿದೆ. ಸರ್ಕಾರದ ಕಚೇರಿಗಳನ್ನು ಬೈಯುವುದು ನಮಗೆಲ್ಲ ರೂಢಿ. ಈ ಒಂದು ಕೆಲಸಕ್ಕೆ ಎದ್ದು ನಿಂತು ನಮಸ್ಕಾರ ಹೇಳಬೇಕು.

ಎದುರು ವಾದವೂ ಹಗುರವಲ್ಲ. ಮಾನಕ ಬರೆಯುವ ಸಮಿತಿಗಳಲ್ಲಿ ಕೂರುವ ತಜ್ಞರು ಬಹುತೇಕ ಸಂಬಳವಿಲ್ಲದೆ ದುಡಿಯುತ್ತಾರೆ ನಿಜ. ಆದರೆ ಸಭೆ ಕರೆಯಲು, ಸಂಪಾದಿಸಲು, ಐದಾರು ವರ್ಷಕ್ಕೊಮ್ಮೆ ಪರಿಷ್ಕರಿಸಲು ಖರ್ಚಿದೆ. ಪುಸ್ತಕ ಮಾರದಿದ್ದರೆ ಆ ಹಣ ಎಲ್ಲಿಂದ? ಉತ್ತರ ಈಗಾಗಲೇ ನಮ್ಮ ಕಣ್ಣೆದುರಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ತನ್ನ ಕೋಡ್‌ಗಳನ್ನು ತೆರೆಯ ಮೇಲೆ ಪುಕ್ಕಟೆ ಓದಲು ಬಿಟ್ಟಿದೆ, ಪುಸ್ತಕವನ್ನೂ ಮಾರುತ್ತಿದೆ. ನಾವು ದಿನಾ ಬಳಸುವ ಅಂತರ್ಜಾಲದ ಮಾನಕಗಳು, ಮೊಬೈಲ್ ಜಾಲದ ಮಾನಕಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ. ಬ್ಯೂರೋಗೆ ಐಎಸ್‌ಐ ಗುರುತು, ಚಿನ್ನದ ಹಾಲ್‌ಮಾರ್ಕ್‌ಗಳ ಶುಲ್ಕ ಬರುತ್ತದೆ. ಮಾನಕದಿಂದ ಲಾಭ ಮಾಡುವ ಕಾರ್ಖಾನೆ ಕೊಡಲಿ; ಅದನ್ನು ಓದಿ ಪಾಲಿಸಬೇಕಾದವನು ಯಾಕೆ ಕೊಡಬೇಕು?

ಅಲ್ಲಿಯವರೆಗೆ ಏನು ಮಾಡೋಣ?

ಜಗತ್ತು ಬದಲಾಗುವ ತನಕ ಪೆನ್ ಡ್ರೈವ್ ಹಿಡಿದು ಕೂರಬೇಕಿಲ್ಲ. ಆ ಟ್ಯಾಂಕಿನ ಪ್ರಸಂಗದ ಮೇಲೆ ನಾನು ಕಲಿತ ದಾರಿಗಳು ಇವು, ಕಿರಿಯರಿಗೆ ಉಪಯೋಗವಾದೀತು.

ಮೊದಲು ಕರಾರಿನ ಸ್ಪೆಸಿಫಿಕೇಶನ್ ತೆರೆದು ಮಾನಕದ ಸಂಖ್ಯೆ ಮತ್ತು ಇಸವಿ ಎರಡನ್ನೂ ಬರೆದುಕೊಳ್ಳಿ. ಇಸವಿ ಇಲ್ಲದಿದ್ದರೆ ಯಾವ ಆವೃತ್ತಿ ಎಂದು ಕನ್ಸಲ್ಟೆಂಟ್‌ಗೆ ಲಿಖಿತವಾಗಿ ಕೇಳಿ. ನಂತರ ಹೊರಡಿಸಿದ ಸಂಸ್ಥೆಯ ತಾಣದಲ್ಲಿ ಆ ಸಂಖ್ಯೆ ಹುಡುಕಿ. ಜಾರಿಯಲ್ಲಿದೆಯೇ, ಹಿಂತೆಗೆದುಕೊಂಡಿದ್ದಾರೆಯೇ, ತಿದ್ದುಪಡಿ ಬಂದಿದೆಯೇ ಎಂಬುದನ್ನು ನೋಡಲು ದುಡ್ಡಿಲ್ಲ. ಈ ಐದು ನಿಮಿಷದ ಕೆಲಸ ಮಾಡಿದ್ದರೆ ರಾಯಚೂರಿನ ಆ ಅಣ್ಣ ರಾತ್ರಿ ಆ ಗುಂಡಿಗೆ ಇಳಿಯಬೇಕಿರಲಿಲ್ಲ.

ಆಮೇಲೆ ನಿಮ್ಮ ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರನ್ನು ಕೇಳಿ. ದೊಡ್ಡ ಕಂಪನಿಗಳು ಮುಖ್ಯ ಕಚೇರಿಯಲ್ಲಿ ಚಂದಾ ಕಟ್ಟಿರುತ್ತವೆ, ಸೈಟಿನವರಿಗೆ ಗೊತ್ತೇ ಇರುವುದಿಲ್ಲ. ನನ್ನ ಕಂಪನಿಯಲ್ಲೂ ಹಾಗೇ ಇತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಚಂದಾ ಇಲ್ಲದಿದ್ದರೆ ಸ್ಪೆಸಿಫಿಕೇಶನ್ನಿನ ಮೊದಲ ಅಧ್ಯಾಯಗಳನ್ನು ಓದಿ. ಸಂಬಂಧಪಟ್ಟ ಮಾನಕಗಳ ಪ್ರತಿಗಳನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸೈಟಿನಲ್ಲಿ ಇಡಬೇಕೆಂಬ ಷರತ್ತು ಈ ಕಡೆಯ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಆ ಸಾಲು ತೋರಿಸಿ ಮ್ಯಾನೇಜರಿಗೆ ಪತ್ರ ಬರೆಯಿರಿ. ನಿಮ್ಮ ಸಂಬಳದಿಂದ ಕೊಳ್ಳಬೇಕಾದ ವಸ್ತು ಇದಲ್ಲ.

ಸ್ವಂತ ಓದಿಗೆ ಬೇಕಾದವರಿಗೂ ದಾರಿಗಳಿವೆ. ಎನ್‌ಎಫ್‌ಪಿಎ ಕೋಡ್‌ಗಳನ್ನು ನೋಂದಾಯಿಸಿಕೊಂಡು ತೆರೆಯ ಮೇಲೆ ಓದಬಹುದು. ಅಮೆರಿಕದ ಸರ್ಕಾರಿ ನಿಯಮಗಳಲ್ಲಿ ಸೇರಿದ ಎಎಸ್‌ಟಿಎಂ ಮಾನಕಗಳಿಗೆ ಆ ಸಂಸ್ಥೆಯದೇ ಪುಕ್ಕಟೆ ವಾಚನಾಲಯವಿದೆ. ಐಎಸ್ಒ ತಾಣದಲ್ಲಿ ಮಾನಕದ ಮುನ್ನುಡಿ, ವ್ಯಾಪ್ತಿ, ಪದಗಳ ಅರ್ಥ ಇಷ್ಟನ್ನು ಯಾರೂ ನೋಡಬಹುದು. ಇದೇ ಪುಸ್ತಕ ನಮಗೆ ಬೇಕೇ ಎಂದು ತಿಳಿಯಲು ಅಷ್ಟು ಸಾಕು. ಯುರೋಪಿನ ಇಎನ್ ಮಾನಕಗಳನ್ನು ಎಲ್ಲ ಸದಸ್ಯ ದೇಶಗಳೂ ಪ್ರಕಟಿಸುತ್ತವೆ, ಬೆಲೆ ಮಾತ್ರ ಬೇರೆ ಬೇರೆ. ಎಸ್ಟೋನಿಯಾ ಎಂಬ ಪುಟ್ಟ ದೇಶದ ಮಾನಕ ಸಂಸ್ಥೆ ಅದೇ ಇಂಗ್ಲಿಷ್ ಪಠ್ಯವನ್ನು ಬ್ರಿಟನ್ನಿನ ಬೆಲೆಯ ಸಣ್ಣ ಪಾಲಿಗೆ ಮಾರುತ್ತದೆ, ಒಂದು ದಿನದ ಮಟ್ಟಿಗೆ ಓದಲು ಇನ್ನೂ ಕಡಿಮೆಗೆ ಕೊಡುತ್ತದೆ. ಆದರೆ ದೇಶೀಯ ಅನುಬಂಧ ಆಯಾ ದೇಶದ್ದೇ ಬೇಕು ಎಂಬುದು ನೆನಪಿರಲಿ. ಗಲ್ಫ್ ದೇಶಗಳ ಜಂಟಿ ಮಾನಕಗಳಿಗೆ ರಿಯಾದ್‌ನಲ್ಲಿರುವ ಜಿಎಸ್ಒ ಸಂಸ್ಥೆ ಇದೆ.

ಊರಿನ ವಿಷಯಕ್ಕೆ ಬಂದರೆ ಭಾರತೀಯ ಮಾನಕಗಳು ಇಂಜಿನಿಯರುಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಮನೆ ಕಟ್ಟಿಸುವವರಿಗೆ ಐಎಸ್ 456, ಕಂಬಿಗೆ ಐಎಸ್ 1786, ಸಿಮೆಂಟಿಗೆ ಐಎಸ್ 269, ಮಗಳ ಮದುವೆಗೆ ಚಿನ್ನ ಕೊಳ್ಳುವವರಿಗೆ ಐಎಸ್ 1417. ಆಭರಣದ ಮೇಲೆ 916 ಎಂದರೆ ಸಾವಿರಕ್ಕೆ 916 ಪಾಲು ಶುದ್ಧ ಚಿನ್ನ ಎಂಬುದು ಆ ಪುಸ್ತಕದ ಲೆಕ್ಕ. ಬ್ಯೂರೋದಿಂದ ಇಳಿಸಿಕೊಂಡ ಪ್ರತಿಯ ಪುಟಗಳ ಮೇಲೆ ನಿಮ್ಮ ಹೆಸರು ಅಚ್ಚಾಗಿ ಬಂದರೆ ಗಾಬರಿ ಬೇಡ. ಅದು ಪುಕ್ಕಟೆಯಾಗಿ ನಿಮಗೆ ಕೊಟ್ಟದ್ದು ಎಂಬ ಗುರುತು. ಐಎಸ್ಒ, ಐಇಸಿಗಳಿಂದ ಎರವಲು ಪಡೆದ ಮಾನಕಗಳು ಈ ಪುಕ್ಕಟೆ ಪಟ್ಟಿಯಲ್ಲಿ ಇಲ್ಲ. ಪರದೆಯಲ್ಲಿ ಹುಡುಕಲು ಬಾರದ ಹಿರಿಯರು ಊರಲ್ಲಿದ್ದರೆ, ಬೆಂಗಳೂರಿನ ಪೀಣ್ಯದಲ್ಲಿ ಬ್ಯೂರೋದ ಶಾಖಾ ಕಚೇರಿ ಇದೆ.

ಸಂಘಕ್ಕೆ ಒಂದು ಬಿನ್ನಹ

ನಮ್ಮ ಸಂಘದಲ್ಲಿ ಕಟ್ಟಡ, ವಿದ್ಯುತ್, ತೈಲ, ಅಗ್ನಿ ಸುರಕ್ಷತೆ ಹೀಗೆ ಎಲ್ಲ ಕಸುಬಿನವರೂ ಇದ್ದಾರೆ. ರಾಜ್ಯೋತ್ಸವಕ್ಕೆ ಸೇರುತ್ತೇವೆ, ಕ್ರಿಕೆಟ್ಟಿಗೆ ಸೇರುತ್ತೇವೆ. ವರ್ಷಕ್ಕೆ ಎರಡು ಸಲ, ಅರ್ಧ ದಿನ, ಹೊಸದಾಗಿ ಬಂದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು 'ಯಾವ ಮಾನಕ, ಯಾವ ಆವೃತ್ತಿ, ಎಲ್ಲಿ ಸಿಗುತ್ತದೆ, ಈ ವರ್ಷ ಏನು ಬದಲಾಯಿತು' ಎಂದು ಹೇಳಿಕೊಡೋಣ. ಫೈಲ್ ಹಂಚುವುದು ಬೇಡ, ದಾರಿ ಹಂಚೋಣ. ಬ್ಯೂರೋ ಹೊಸ ಮಾನಕದ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಡುತ್ತದೆ. ಈ ಬಿಸಿಲಿನ ನಾಡಿನಲ್ಲಿ ಕಾಂಕ್ರೀಟ್ ಹಾಕಿದ ನಮ್ಮ ಅನುಭವ ಕಲಬುರಗಿಯ ಬಿಸಿಲಿಗೂ ಬೇಕಾದದ್ದೇ. ನಾಲ್ಕು ಜನ ಕೂತು ಅಭಿಪ್ರಾಯ ಬರೆದು ಕಳಿಸಬಹುದು.

ನನ್ನ ಹಳೆಯ ಫೋಲ್ಡರನ್ನು ಅಳಿಸಿಹಾಕಿದ್ದೇನೆ. ಅಳಿಸುವ ಮೊದಲು ಅದನ್ನು ನನ್ನಿಂದ ಪಡೆದವರ ಹೆಸರು ನೆನಪು ಮಾಡಿಕೊಂಡೆ, ಹನ್ನೊಂದು ಜನ. ಏಳು ಜನಕ್ಕೆ ಫೋನ್ ಮಾಡಿ "ಅದರಲ್ಲಿರುವುದು ಹಳೆಯದು, ನಂಬಬೇಡಿ" ಎಂದು ಹೇಳಿದ್ದೇನೆ. ಉಳಿದ ನಾಲ್ವರ ನಂಬರ್ ಬದಲಾಗಿದೆ. ಅವರಲ್ಲಿ ಯಾರಾದರೂ ಈ ಸಂಚಿಕೆ ಓದುತ್ತಿದ್ದರೆ ದಯವಿಟ್ಟು ಇದನ್ನೇ ನನ್ನ ಫೋನ್ ಎಂದು ತಿಳಿಯಿರಿ.